ಮಕ್ಕಳ ಕಾಲು ನೋವು, ಪೆಟ್ಟು, ಕುಂಟು: ಅಪ್ಪ ಅಮ್ಮಂದಿರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಫಿಸಿಯೋಥೆರಪಿಸ್ಟ್, ಹೆಚ್ಚಿನ ಕೆಲಸ ಮಕ್ಕಳ ಜೊತೆಗೇ. ಕ್ಲಿನಿಕ್‌ನಲ್ಲಿ, ಸ್ಕೂಲ್ ಮೀಟಿಂಗ್‌ನಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ ಕೂತಾಗ, ರಾತ್ರಿ ಹನ್ನೊಂದಕ್ಕೆ ಬರೋ ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ಇದೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತವೆ. ಅವರು ಕೇಳಿದ ಮಾತಲ್ಲೇ ಇಟ್ಟಿದೀನಿ. ಇದನ್ನ ಓದಿ ಮಗೂನ ಡಾಕ್ಟ್ರಿಗೆ ತೋರಿಸೋದು ಬಿಡ್ಬೇಡಿ, ಯಾವಾಗ ಓಡ್ಬೇಕು ಯಾವಾಗ ಕಾಯ್ಬೋದು ಅಂತ ಗೊತ್ತಾಗ್ಲಿ ಅಂತಷ್ಟೇ ಬರೆದಿರೋದು.

## ಮೊದಲು ಎಲ್ಲರೂ ಕೇಳೋದು

5 ವರ್ಷದ ಮಗ ರಾತ್ರಿ ಎದ್ದು ಕಾಲು ನೋವು ಅಂತ ಅಳ್ತಾನೆ, ಬೆಳಿಗ್ಗೆ ಏನೂ ಆಗಿಲ್ದೇ ಇರೋ ತರ ಓಡಾಡ್ತಾನೆ. ನಾಟಕ ಮಾಡ್ತಿದಾನಾ?

ಇಲ್ಲ. ನೋವು ನಿಜವಾಗ್ಲೂ ಇರುತ್ತೆ, ಆಮೇಲೆ ನಿಜವಾಗ್ಲೂ ಹೋಗ್ಬಿಡುತ್ತೆ. ಇದನ್ನ ಗ್ರೋಯಿಂಗ್ ಪೇನ್ ಅಂತಾರೆ, ಬೆಳವಣಿಗೆ ನೋವು. 3ರಿಂದ 12 ವರ್ಷದ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಎರಡೂ ಕಾಲಲ್ಲಿ ಬರುತ್ತೆ, ತೊಡೆ ಮುಂಭಾಗ, ಮೀನಖಂಡ, ಮೊಣಕಾಲಿನ ಹಿಂದೆ, ಹೀಗೆ ಮಾಂಸಖಂಡದಲ್ಲಿ ಬರುತ್ತೆ, ಕೀಲಲ್ಲಿ ಬರಲ್ಲ. ಸಂಜೆ ಅಥವಾ ನಡುರಾತ್ರಿ ಶುರುವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಳಿಯುತ್ತೆ, ಒಂದಷ್ಟು ದಿನ ಬಂದು ಆಮೇಲೆ ವಾರಗಟ್ಟಲೆ ಬರ್ದೇನೂ ಇರ್ಬೋದು. ಹೆಸರಲ್ಲಿ ಬೆಳವಣಿಗೆ ಅಂತಿದ್ರೂ ಮೂಳೆ ಉದ್ದ ಆಗೋದ್ರಿಂದ ಈ ನೋವು ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಮಗು ಜೋರಾಗಿ ಬೆಳೆಯೋದು ಮೊದಲನೇ ವರ್ಷದಲ್ಲಿ ಮತ್ತೆ ಹರೆಯದಲ್ಲಿ, ಈ ನೋವು ಬರೋದು ಅದರ ಮಧ್ಯದಲ್ಲಿ. 1823ರಲ್ಲಿ ಫ್ರಾನ್ಸಿನ ಡಾಕ್ಟ್ರೊಬ್ಬರು ಬರೆದ ಹೆಸರು ಹಾಗೇ ಉಳ್ಕೊಂಡಿದೆ.

ಮಾಡ್ಬೇಕಾದ್ದು ಅಜ್ಜಿ ಮಾಡ್ತಿದ್ದದ್ದೇ, ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ನೀವೋದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕೋದು. ಇಲ್ಲೇ ಒಂದು ಪರೀಕ್ಷೆನೂ ಆಗೋಗುತ್ತೆ: ಬೆಳವಣಿಗೆ ನೋವಿರೋ ಮಗು ಕಾಲು ನೀವಿಸ್ಕೊಳ್ಳೋಕೆ ಇಷ್ಟಪಡುತ್ತೆ, ಬೇರೆ ಏನಾದ್ರೂ ಇದ್ರೆ ಮುಟ್ಟೋಕೇ ಬಿಡಲ್ಲ. ಮಲಗೋ ಮುಂಚೆ ಮೀನಖಂಡ ಮತ್ತು ತೊಡೆ ಹಿಂಭಾಗನ ಹತ್ತು ನಿಮಿಷ ಸ್ಟ್ರೆಚ್ ಮಾಡಿಸಿದ್ರೆ ಎಷ್ಟೋ ಮಕ್ಕಳಿಗೆ ಕಮ್ಮಿ ಆಗುತ್ತೆ.

ಬೆಳೆಯೋ ವಯಸ್ಸು, ಕಾಲು ನೋವು ಇದ್ದದ್ದೇ ಅಂತಾರೆ ನಮ್ಮತ್ತೆ. ಇದ್ದದ್ದೇ ಅಲ್ಲದೇ ಇರೋದು ಯಾವುದು?

ನಡಿಗೆ ನೋಡಿ. ಬೇರೆಲ್ಲಾ ಮರೆತ್ರೂ ಇದೊಂದು ಮರೀಬೇಡಿ. ಬೆಳವಣಿಗೆ ನೋವಲ್ಲಿ ಮಗು ಹಗಲು ಹೊತ್ತು ಕುಂಟಲ್ಲ. ಕುಂಟ್ತಿದೆ ಅಂದ್ರೆ ಅದಕ್ಕೊಂದು ಕಾರಣ ಇದ್ದೇ ಇದೆ, ಅದನ್ನ ಹುಡುಕ್ಲೇಬೇಕು. ಯಾವಾಗ್ಲೂ ಒಂದೇ ಕಾಲಲ್ಲಿ ನೋವು, ಮಗು ಬೆರಳಿಟ್ಟು ಒಂದೇ ಜಾಗ ತೋರಿಸೋದು, ಕೀಲು ಊದಿರೋದು, ಬಿಸಿ ಇರೋದು, ಬೆಳಿಗ್ಗೆ ಎದ್ದಾಗ ಕಾಲು ಬಿಗಿಯೋದು, ಜ್ವರ, ತೂಕ ಇಳಿಯೋದು, ಮೈ ಬಿಳಿಚ್ಕೊಂಡಿರೋದು, ಪೆಟ್ಟು ಬೀಳದೇ ಮೈಮೇಲೆ ನೀಲಿ ಕಲೆ, ಇದ್ರಲ್ಲಿ ಒಂದು ಇದ್ರೂ ತೋರಿಸಿ. ಜ್ವರದ ಜೊತೆ ಕಾಲು ಊರೋಕೇ ಆಗ್ತಿಲ್ಲ ಅಂದ್ರೆ ಅವತ್ತೇ, ರಾತ್ರಿಯಾದ್ರೂ ಸರಿ.

ನೋವಿಗೆ ಯಾವ ಸಿರಪ್, ಎಷ್ಟು ಎಂಎಲ್?

ಪ್ಯಾರಸಿಟಮಾಲ್. ಲೆಕ್ಕ ವಯಸ್ಸಿಂದಲ್ಲ, ತೂಕದಿಂದ, ಒಂದು ಕೆಜಿಗೆ 15 ಮಿಲಿಗ್ರಾಂ. 16 ಕೆಜಿ ಮಗುಗೆ ಒಂದ್ಸಲಕ್ಕೆ 240 ಮಿಲಿಗ್ರಾಂ ಆಯ್ತು. ಎಡವಟ್ಟಾಗೋದು ಇಲ್ಲೇ, ನಮ್ಮಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರೋ ಬಾಟಲೂ ಸಿಗುತ್ತೆ, 250 ಇರೋ ಬಾಟಲೂ ಸಿಗುತ್ತೆ, ಡಬ್ಬ ನೋಡೋಕೆ ಒಂದೇ ತರ. ಅದೇ ಮಗುಗೆ 250ರ ಬಾಟಲಲ್ಲಿ ಹತ್ತಿರ ಹತ್ತಿರ 5 ಎಂಎಲ್ ಸಾಕು, 125ರದ್ರಲ್ಲಿ ಅದರ ಎರಡರಷ್ಟು ಬೇಕು. ಸಣ್ಣ ಮಕ್ಕಳ ಡ್ರಾಪ್ಸ್ ಇನ್ನೂ ಗಟ್ಟಿ, 1 ಎಂಎಲ್‌ಗೇ 100 ಮಿಲಿಗ್ರಾಂ. ಬಾಟಲ್ ಮೇಲಿನ ಸಣ್ಣ ಅಕ್ಷರ ಓದಿ, ಅಡುಗೆಮನೆ ಚಮಚ ಬೇಡ, ಬಾಟಲ್ ಜೊತೆ ಬಂದ ಅಳತೆ ಮುಚ್ಚಳಾನೇ ಬಳಸಿ. ಎರಡು ಡೋಸ್ ಮಧ್ಯೆ ಕನಿಷ್ಠ 4 ಗಂಟೆ, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಡ.

ನಿಮೆಸುಲೈಡ್ ಕೊಡ್ಬೇಡಿ, 12 ವರ್ಷದೊಳಗಿನ ಮಕ್ಕಳಿಗೆ ಅದು 2011ರಿಂದ ನಮ್ಮ ದೇಶದಲ್ಲಿ ನಿಷೇಧ, ಆದ್ರೂ ಮನೆ ಡ್ರಾಯರ್‌ನಲ್ಲಿ ದೊಡ್ಡವರ ಮಾತ್ರೆ ಇರುತ್ತೆ, ಅರ್ಧ ಮುರಿದು ಕೊಟ್ಬಿಡ್ತಾರೆ. ಆಸ್ಪಿರಿನ್ ಕೂಡ ಬೇಡ, ವೈರಲ್ ಜ್ವರ ಇರೋ ಮಕ್ಕಳಲ್ಲಿ ಅದು ಲಿವರ್‌ಗೂ ಮಿದುಳಿಗೂ ಹೊಡೆಯೋ ರೀಸ್ ಸಿಂಡ್ರೋಮ್ ತರ್ಬೋದು. ಐಬುಪ್ರೊಫೆನ್ ಒಳ್ಳೇ ನೋವಿನ ಔಷಧಿನೇ, ಊಟ ಆದ್ಮೇಲೆ ಕೊಡ್ಬೋದು, ಆದ್ರೆ ಜ್ವರ ಇದ್ದು ಡೆಂಗ್ಯೂ ಅನುಮಾನ ಇದ್ರೆ ರಕ್ತಸ್ರಾವದ ಭಯಕ್ಕೆ ಅದನ್ನೂ ಮುಟ್ಬೇಡಿ.

ತೊಡೆಗೆ ಲಸಿಕೆ ಹಾಕಿಸಿದ್ವಿ, ಮಗು ಕಾಲೇ ಆಡಿಸ್ತಿಲ್ಲ

ಒಂದೆರಡು ದಿನ ನೋವು, ಊತ ಸಹಜ. ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಡಿ, ಉಜ್ಜಬೇಡಿ. ಚರ್ಮದ ಕೆಳಗೆ ಕಡಲೆಕಾಳಿನಷ್ಟು ಗಂಟು ಕೆಲವು ವಾರ ಉಳೀಬೋದು, ತಾನಾಗೇ ಕರಗುತ್ತೆ. ಕೆಂಪು ದಿನೇ ದಿನೇ ಹರಡ್ತಾ ಇದ್ರೆ, ಎರಡು ಮೂರು ದಿನ ಆದ್ರೂ ಜ್ವರ ಬಿಡ್ಲಿಲ್ಲ ಅಂದ್ರೆ ತೋರಿಸಿ. ಲಸಿಕೆನ ತೊಡೆಯ ಮುಂಭಾಗ-ಪಕ್ಕಕ್ಕೆ ಹಾಕೋದಕ್ಕೆ ಕಾರಣ ಇದೆ, ಕುಂಡಿಯೊಳಗೆ ಕಾಲಿಗೆ ಹೋಗೋ ದೊಡ್ಡ ನರ ಇದೆ, ಸೂಜಿ ಅದಕ್ಕೆ ತಾಗಿದ್ರೆ ಪಾದ ಜೋಲು ಬೀಳುತ್ತೆ. ಚಿಕ್ಕಪುಟ್ಟ ಜ್ವರಕ್ಕೆ ಸಣ್ಣ ಮಗುವಿನ ಕುಂಡಿಗೆ ಇಂಜೆಕ್ಷನ್ ಹಾಕ್ತೀನಿ ಅಂದ್ರೆ ಸಿರಪ್ಪೇ ಕೊಡಿ ಅಂತ ಕೇಳೋಕೆ ಸಂಕೋಚ ಪಡ್ಬೇಡಿ.

ಒಂದೂವರೆ ವರ್ಷದ ಮಗಳ ಕಾಲು ಬಿಲ್ಲಿನ ಹಾಗಿದೆ, ದೊಡ್ಡ ಮಗನ ಮೊಣಕಾಲು ಒಂದಕ್ಕೊಂದು ತಾಗ್ತವೆ. ಕಬ್ಬಿಣದ ಶೂ ಹಾಕಿಸ್ಬೇಕಾ?

ಬಹುತೇಕ ಬೇಡ. ಎರಡು ವರ್ಷದ ತನಕ ಕಾಲು ಬಿಲ್ಲಿನಂತೆ ಹೊರಗೆ ಬಾಗಿರೋದು ಸಹಜ, ಮೂರು ನಾಲ್ಕು ವರ್ಷಕ್ಕೆ ಅದೇ ಕಾಲು ಒಳಕ್ಕೆ ಬಾಗಿ ಮೊಣಕಾಲು ತಾಗ್ತವೆ, ಏಳು ವರ್ಷದ ಹೊತ್ತಿಗೆ ನೆಟ್ಟಗಾಗುತ್ತೆ. ಚಪ್ಪಟೆ ಪಾದಾನೂ ಆರು ವರ್ಷದ ತನಕ ಹೆಚ್ಚು ಮಕ್ಕಳಲ್ಲಿ ಇರುತ್ತೆ. ಒಂದೇ ಕಾಲು ಬಾಗಿದ್ರೆ, ಬಾಗು ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಿದ್ರೆ, ಮಗು ಕುಳ್ಳಗೇ ಉಳಿದಿದ್ರೆ, ಮಣಿಕಟ್ಟು ದಪ್ಪ ಕಾಣಿಸಿದ್ರೆ ರಿಕೆಟ್ಸ್, ಅಂದ್ರೆ ವಿಟಮಿನ್ ಡಿ ಕಮ್ಮಿಯಾಗಿ ಮೂಳೆ ಮೆತ್ತಗಾಗೋ ಕಾಯಿಲೆ, ಇದ್ಯಾ ನೋಡ್ಬೇಕು. ಇಷ್ಟು ಬಿಸಿಲಿರೋ ನಾಡಲ್ಲಿ ವಿಟಮಿನ್ ಡಿ ಕೊರತೆ ಹೇಗೆ ಅಂತ ಕೇಳ್ತಾರೆ, ಎದೆಹಾಲಲ್ಲಿ ಡಿ ತುಂಬಾ ಕಮ್ಮಿ, ಮಗೂನ ಮನೆಯೊಳಗೇ ಇಟ್ಕೊಂಡಿರ್ತೀವಿ. ಅದಕ್ಕೇ ಮೊದಲ ವರ್ಷ ದಿನಾ 400 ಯೂನಿಟ್ ಡ್ರಾಪ್ಸ್ ಕೊಡಿ ಅಂತ ಮಕ್ಕಳ ಡಾಕ್ಟ್ರು ಹೇಳೋದು.

ನಮ್ಮೂರಲ್ಲಿ ಬೋರ್‌ವೆಲ್ ನೀರೇ ಕುಡಿಯೋದು, ಮಕ್ಕಳ ಹಲ್ಲೂ ಕಂದು, ಕಾಲೂ ನೋವು ಅಂತವೆ. ಸಂಬಂಧ ಇದ್ಯಾ?

ಇರ್ಬೋದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರಲ್ಲಿ ಆಳದ ನೀರಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ ಸರ್ಕಾರದ ಮಾನದಂಡ ಒಪ್ಪುತ್ತೆ. ಹೆಚ್ಚಿದ್ರೆ ಮೊದಲು ಹಲ್ಲಿನ ಮೇಲೆ ಕಾಣುತ್ತೆ, ವರ್ಷಗಟ್ಟಲೆ ಕುಡಿದ್ರೆ ಮೂಳೆಗೆ ಇಳಿಯುತ್ತೆ, ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರೋ ಮಕ್ಕಳಲ್ಲಿ ಮೊಣಕಾಲು ಒಳಕ್ಕೆ ಬಾಗೋದೂ ಉಂಟು. ನೀರು ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ಆವಿಯಾಗಿ ನೀರು ಕಮ್ಮಿ ಆದಷ್ಟೂ ಇನ್ನೂ ಗಟ್ಟಿ ಆಗುತ್ತೆ. ಪಂಚಾಯ್ತಿಯ ಶುದ್ಧ ಕುಡಿಯುವ ನೀರಿನ ಘಟಕ ಇದ್ರೆ ಕುಡಿಯೋಕೆ ಮಾತ್ರ ಅಂತಲ್ಲ, ಅಡುಗೆಗೂ ಅದನ್ನೇ ತನ್ನಿ. ಹಾಲು, ರಾಗಿ, ನುಗ್ಗೆ ಸೊಪ್ಪು ಮಕ್ಕಳ ತಟ್ಟೇಲಿರ್ಲಿ.

## ಬಿದ್ದಾಗ, ಪೆಟ್ಟಾದಾಗ

ಕಾಲು ಉಳುಕಿದೆ, ಪಕ್ಕದ ಬೀದಿಯಲ್ಲಿ ಉಳುಕು ತೆಗೆಯೋರು ಇದಾರೆ. ಕರ್ಕೊಂಡು ಹೋಗ್ಲಾ?

ಮೊದಲ ಎರಡು ದಿನ ದಯವಿಟ್ಟು ಯಾರ ಕೈಲೂ ತಿಕ್ಕಿಸ್ಬೇಡಿ. ದೊಡ್ಡವರಿಗೂ ಮಕ್ಕಳಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ಮಕ್ಕಳ ಮೂಳೆಯ ತುದಿ ಹತ್ತಿರ ಮೆತ್ತನೆ ಮೃದ್ವಸ್ಥಿಯ ಒಂದು ಪದರ ಇರುತ್ತೆ, ಮೂಳೆ ಉದ್ದ ಆಗೋದು ಅಲ್ಲಿಂದಾನೇ, ಗ್ರೋತ್ ಪ್ಲೇಟ್ ಅಂತಾರೆ. ಕೀಲನ್ನ ಹಿಡಿದಿಡೋ ಲಿಗಮೆಂಟ್‌ಗಿಂತ ಈ ಪದರ ದುರ್ಬಲ. ಹಾಗಾಗಿ ದೊಡ್ಡವರಲ್ಲಿ ಉಳುಕಾಗೋ ಪೆಟ್ಟಿಗೆ ಮಕ್ಕಳಲ್ಲಿ ಮೂಳೆ ಪದರಾನೇ ಬಿರುಕು ಬಿಡ್ಬೋದು. ಹೊರಗಿಂದ ನೋಡಿದ್ರೆ ಎರಡೂ ಊತಾನೇ. ಅದನ್ನ ಹಿಡಿದು ಎಳೆದ್ರೆ, ತಿರುವಿದ್ರೆ ಏನಾಗುತ್ತೆ ಯೋಚಿಸಿ.

ಆಟ ನಿಲ್ಲಿಸಿ, ಐಸ್‌ನ ಬಟ್ಟೇಲಿ ಸುತ್ತಿ 15 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಕ್ರೇಪ್ ಬ್ಯಾಂಡೇಜ್ ಸಡಿಲವಾಗಿ ಸುತ್ತಿ, ದಿಂಬಿನ ಮೇಲೆ ಕಾಲಿಡಿಸಿ. ನಾಲ್ಕು ಹೆಜ್ಜೆ ಕೂಡ ಇಡೋಕಾಗ್ಲಿಲ್ಲ ಅಂದ್ರೆ, ಕಣಕಾಲಿನ ಎರಡು ಬದಿಯ ಮೂಳೆ ಗಂಟನ್ನ ಒತ್ತಿದಾಗ ಕಿರುಚಿದ್ರೆ ಎಕ್ಸ್‌ರೇ ಬೇಕು. ಕಾಲಿನ ಎಕ್ಸ್‌ರೇಗೆ ಹೆದರ್ಬೇಡಿ, ನಾವು ಒಂದು ದಿನ ಭೂಮಿ ಮೇಲೆ ಸುಮ್ನೆ ಬದುಕಿದ್ರೆ ಸಿಗೋ ವಿಕಿರಣಕ್ಕಿಂತ ಕಮ್ಮಿ ಅದು.

2 ವರ್ಷದ ಮಗಳು ಜಾರುಬಂಡೆಯಲ್ಲಿ ಕಾಲು ತಿರುಚ್ಕೊಂಡ್ಲು. ಎಕ್ಸ್‌ರೇ ನಾರ್ಮಲ್ ಅಂದ್ರು, ಆದ್ರೂ ಕಾಲೂರ್ತಿಲ್ಲ. ಹಠಾನಾ?

ಹಠ ಅಲ್ಲ. ಈ ವಯಸ್ಸಲ್ಲಿ ಮೊಣಕಾಲ ಕೆಳಗಿನ ದಪ್ಪ ಮೂಳೆಯಲ್ಲಿ ಕೂದಲೆಳೆಯಂತಾ ಸುರುಳಿ ಬಿರುಕು ಆಗುತ್ತೆ, ಟಾಡ್ಲರ್ಸ್ ಫ್ರಾಕ್ಚರ್ ಅಂತಾನೇ ಹೆಸರು. ಮೊದಲ ದಿನದ ಎಕ್ಸ್‌ರೇಲಿ ಕಾಣದೇ ಇರ್ಬೋದು, 10-14 ದಿನ ಆದ್ಮೇಲೆ ಹೊಸ ಮೂಳೆ ಕಟ್ತಾ ಇರೋದು ಕಂಡಾಗ್ಲೇ ಗೊತ್ತಾಗೋದು. ಡಾಕ್ಟ್ರು ಅನುಮಾನದ ಮೇಲೇ ಪಟ್ಟಿ ಹಾಕಿದ್ರೆ ಬೇಜಾರ್ ಮಾಡ್ಕೋಬೇಡಿ, ಸರಿಯಾಗೇ ಮಾಡಿದಾರೆ, ಮೂರ್ನಾಲ್ಕು ವಾರಕ್ಕೆ ಕೂಡ್ಕೊಳ್ಳುತ್ತೆ. ಅಂದ್ಹಾಗೆ ಮಗೂನ ಮಡಿಲಲ್ಲಿ ಕೂರಿಸ್ಕೊಂಡು ಜಾರುಬಂಡೆ ಜಾರೋದು ಬೇಡ, ಮಗುವಿನ ಕಾಲು ಬದಿಗೆ ಸಿಕ್ಕಿ ನಿಂತಾಗ ಹಿಂದಿರೋ ದೊಡ್ಡವರ ಭಾರ ಪೂರ್ತಿ ಆ ಕಾಲನ್ನ ತಿರುಚುತ್ತೆ, ಒಂಟಿಯಾಗಿ ಜಾರೋ ಮಗು ತನ್ನ ಪಾಡಿಗೆ ತಾನೇ ನಿಲ್ಲುತ್ತೆ.

ಇನ್ನೂ ನಡೆಯೋಕೇ ಕಲೀದಿರೋ ಕೂಸಿನ ತೊಡೆ ಮೂಳೆ ಮುರಿದಿದ್ರೆ ಡಾಕ್ಟ್ರು ಮನೆಯವರನ್ನ ತುಂಬಾ ಪ್ರಶ್ನೆ ಕೇಳ್ತಾರೆ. ಅವಮಾನ ಅನ್ಕೋಬೇಡಿ, ಆ ಕೂಸಿನ ಪರವಾಗಿ ಕೇಳೋರು ಅಲ್ಲಿ ಬೇರೆ ಯಾರೂ ಇರಲ್ಲ.

ಬೈಕ್ ಹಿಂದೆ ಕೂತಿದ್ದ ಮಗುವಿನ ಪಾದ ಚಕ್ರಕ್ಕೆ ಸಿಕ್ಕಿದೆ. ತರಚು ಗಾಯ ಅಷ್ಟೇ, ಮನೇಲೇ ನೋಡ್ಕೋಬೋದಾ?

ಬೇಡ, ಇದನ್ನ ತರಚು ಗಾಯ ಅನ್ಕೋಬೇಡಿ. ನಾನು ನೋಡಿರೋ ಮಕ್ಕಳ ಪಾದದ ಗಾಯಗಳಲ್ಲಿ ಅತೀ ಹೆಚ್ಚು ಮೋಸ ಮಾಡೋದು ಇದೇ. ತಿರುಗ್ತಿರೋ ಚಕ್ರದ ಕಡ್ಡಿ ಹಿಮ್ಮಡಿಯನ್ನ ಕೊಯ್ಯುತ್ತೆ, ಆಮೇಲೆ ಪಾದವನ್ನ ಎಳ್ಕೊಂಡು ಹೋಗಿ ಕಡ್ಡಿ ಮತ್ತು ಬೈಕ್ ಚೌಕಟ್ಟಿನ ಮಧ್ಯೆ ಜಜ್ಜುತ್ತೆ. ಮೊದಲ ದಿನ ಹಿಮ್ಮಡಿ ಹಿಂದೆ ಒಂದು ಸೀಳು, ಸ್ವಲ್ಪ ನೀಲಿ, ಅಷ್ಟೇ ಕಾಣೋದು. ಆದ್ರೆ ಜಜ್ಜಿದ ಚರ್ಮಕ್ಕೆ ರಕ್ತ ಹೋಗ್ತಿರಲ್ಲ, ಐದಾರು ದಿನ ಕಳೆದ್ಮೇಲೆ ಅದೇ ಚರ್ಮ ಕಪ್ಪಾಗಿ ಸತ್ತು ಕಳಚ್ಕೊಳ್ಳುತ್ತೆ, ಕೆಳಗಿನ ದಪ್ಪ ಸ್ನಾಯುರಜ್ಜು ತೆರೆದು ಬೀಳುತ್ತೆ, ಆಗ ಬೇರೆ ಕಡೆಯ ಚರ್ಮ ತಂದು ಹಚ್ಚೋ ಆಪರೇಷನ್ ತನಕ ಹೋಗುತ್ತೆ.

ಸಿಕ್ಕಿದ ಕ್ಷಣದಲ್ಲಿ ಗಾಬರಿಯಿಂದ ಕಾಲನ್ನ ಎಳೀಬೇಡಿ, ಬೈಕನ್ನ ಮುಂದಕ್ಕೆ ತಳ್ಳಬೇಡಿ. ಯಾರಾದ್ರೂ ಮಗೂನ ಎತ್ತಿ ಹಿಡ್ಕೊಳ್ಳಿ, ಚಕ್ರವನ್ನ ನಿಧಾನ ಹಿಂದಕ್ಕೆ ತಿರುಗಿಸಿ, ಬರ್ಲಿಲ್ಲ ಅಂದ್ರೆ ಹತ್ತಿರದ ಪಂಕ್ಚರ್ ಅಂಗಡಿಯವರನ್ನ ಕರೆದು ಕಡ್ಡಿ ಕತ್ತರಿಸಿ. ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು ಒಗೆದ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿಪುಡಿ, ಗ್ರೀಸ್ ಏನೂ ತುಂಬ್ಬೇಡಿ, ಒಳಗಿನ ಗಾಯ ಡಾಕ್ಟ್ರಿಗೆ ಕಾಣಲ್ಲ, ಕೀವೂ ಆಗುತ್ತೆ. ಎಕ್ಸ್‌ರೇ ತೆಗೆಸಿ, ಟೆಟನಸ್ ಲಸಿಕೆ ಲೆಕ್ಕ ನೋಡಿಸಿ, ಎರಡನೇ ದಿನ ಮತ್ತೆ ಐದನೇ ದಿನ ಬ್ಯಾಂಡೇಜ್ ಬಿಚ್ಚಿ ತೋರಿಸಿ.

ನನ್ನ ತಮ್ಮನ ಮಗಳಿಗೆ ನಾಲ್ಕು ವರ್ಷದಲ್ಲಿ ಹೀಗಾಯ್ತು, ಜಾತ್ರೆ ಮುಗಿಸ್ಕೊಂಡು ಬರ್ತಾ ನಿದ್ದೆ ಹೋಗಿ ಕಾಲು ಜೋಲು ಬಿದ್ದಿತ್ತು. ಅವತ್ತು ಹೊಲಿಗೆ ಹಾಕಿ ಕಳಿಸಿದ್ರು, ಮತ್ತೆ ಬನ್ನಿ ಅಂತ ಯಾರೂ ಹೇಳ್ಲಿಲ್ಲ, ಒಂದು ವಾರಕ್ಕೆ ವಾಸನೆ ಬಂದಾಗ್ಲೇ ಬಿಚ್ಚಿದ್ದು. ಎರಡು ತಿಂಗಳು ಆ ಮಗು ನೆಲಕ್ಕೆ ಕಾಲಿಡ್ಲಿಲ್ಲ. ಸೀರೆ ಗಾರ್ಡ್ ಇರೋದು ಸಾಮಾನ್ಯವಾಗಿ ಎಡಗಡೆ ಮಾತ್ರ, ಮಕ್ಕಳು ಎರಡೂ ಕಡೆ ಕಾಲು ಹಾಕಿ ಕೂರ್ತಾರೆ, ಬಲಗಾಲಿಗೆ ಏನೂ ಅಡ್ಡ ಇರಲ್ಲ. ಎರಡೂ ಬದಿಗೆ ಜಾಲರಿ ಹಾಕಿಸಿ, ಹಿಮ್ಮಡಿ ಮುಚ್ಚೋ ಶೂ ಹಾಕಿ, ಪಾದ ಇಡೋಕೆ ಜಾಗ ಇರೋ ಸೀಟ್ ಹಾಕಿಸಿ. 9 ತಿಂಗಳಿಂದ 4 ವರ್ಷದ ಮಕ್ಕಳನ್ನ ದೊಡ್ಡವರಿಗೆ ಬೆಲ್ಟಿಂದ ಕಟ್ಕೊಂಡು, ಹೆಲ್ಮೆಟ್ ಹಾಕಿ, 40 ಕಿಲೋಮೀಟರ್ ವೇಗ ಮೀರದೇ ಓಡಿಸ್ಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿ 2023ರ ಫೆಬ್ರವರಿಯಿಂದ ಜಾರಿಗೂ ಬಂದಿದೆ, ಬೆಲ್ಟ್ ಇದ್ರೆ ನಿದ್ದೆ ಹೋದ ಮಗು ವಾಲಲ್ಲ.

ಮೂಳೆ ಮುರಿದಿದೆ, ಪುತ್ತೂರು ಕಟ್ಟು ಹಾಕಿಸಿದ್ರೆ ಆಪರೇಷನ್ ಬೇಡ ಅಂತಾರೆ. ನಿಜಾನಾ?

ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು. ಮೊಟ್ಟೆ, ಸೊಪ್ಪು, ಬಿದಿರು ದಬ್ಬೆ ಇಟ್ಟು ಕಟ್ಟೋ ಪದ್ಧತಿ, ಈಗ ಅದರ ಬೋರ್ಡು ಎಲ್ಲಾ ಊರಲ್ಲೂ ಕಾಣುತ್ತೆ. ತಲೆಮಾರುಗಳ ಅನುಭವ ಇರೋರನ್ನ ನಾನು ಹಗುರವಾಗಿ ಮಾತಾಡಲ್ಲ, ಜನಕ್ಕೆ ಆಸ್ಪತ್ರೆ ಖರ್ಚಿನ ಭಯ ಇರೋದೂ ನಿಜ. ಆದ್ರೆ ಮಕ್ಕಳ ಮೂಳೆ ಜಾಗ ಬಿಟ್ಟು ಸರಿದಿಲ್ಲ ಅಂದ್ರೆ ಅಲುಗಾಡದ ಹಾಗೆ ಹಿಡಿದಿಟ್ರೆ ಸಾಕು ಕೂಡ್ಕೊಳ್ಳುತ್ತೆ, ಹಾಗಾಗಿ ಕಟ್ಟಿದೋರಿಗೆ ಹೆಸರು ಬರುತ್ತೆ. ಸರಿದಿರೋದು, ಕೀಲಿನೊಳಗೆ ಹೋಗಿರೋದು, ಗ್ರೋತ್ ಪ್ಲೇಟ್ ಮುರಿದಿರೋದು ಇವೆಲ್ಲಾ ಎಕ್ಸ್‌ರೇ ಇಲ್ದೇ ಕೈಗೆ ಗೊತ್ತಾಗಲ್ಲ.

ನಂಗೆ ನಿಜವಾದ ಭಯ ಬಿಗಿ ಕಟ್ಟಿನದ್ದು. ಮುರಿದ ಕಾಲು ಮೊದಲ ಎರಡು ದಿನ ಊದ್ತಾನೇ ಹೋಗುತ್ತೆ, ದಬ್ಬೆ ಹಿಗ್ಗಲ್ಲ, ಒಳಗೆ ರಕ್ತ ನಿಂತು ಆರೇಳು ಗಂಟೆಯಲ್ಲಿ ಮಾಂಸಖಂಡ ಸಾಯೋಕೆ ಶುರು. ಬೆರಳು ತಣ್ಣಗೆ, ನೀಲಿ, ಜೋಮು, ಬೆರಳನ್ನ ಮೇಲಕ್ಕೆತ್ತಿದ್ರೆ ತಡೀಲಾರದ ನೋವು ಇದ್ರೆ ಯಾರು ಕಟ್ಟಿದ್ದಾದ್ರೂ ಸರಿ, ಅವತ್ತೇ ಆ ಕ್ಷಣವೇ ಬಿಚ್ಚಿಸಿ 108ಕ್ಕೆ ಫೋನ್ ಮಾಡಿ. ಬೆಂಗಳೂರಲ್ಲಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಹುಬ್ಬಳ್ಳಿ ಕಡೆಯವರಿಗೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಎಲ್ಲವೂ ಸರ್ಕಾರದ್ದೇ.

ಪ್ಲಾಸ್ಟರ್ ಒಳಗೆ ಕೆರೆತ ಅಂತ ಅಳ್ತಾನೆ, ಸ್ಕೇಲ್ ಹಾಕಿ ಕೆರೀಲಾ?

ಸ್ಕೇಲು, ಪೆನ್ಸಿಲ್ಲು, ಹೆಣಿಗೆ ಕಡ್ಡಿ ಯಾವುದೂ ಬೇಡ, ಒಳಗೆ ಗೀರಾಗಿ ಕೀವು ಕಟ್ಟಿದ್ರೆ ಕಾಣೋದೇ ಇಲ್ಲ. ಹೇರ್ ಡ್ರೈಯರ್ ಇದ್ರೆ ತಣ್ಣನೆ ಗಾಳಿ ಬಿಡಿ, ಹೊರಗಿಂದ ಮೆತ್ತಗೆ ತಟ್ಟಿ. ದಿನಾ ಬೆರಳ ಉಗುರು ಒತ್ತಿ ಬಿಟ್ಟು ನೋಡಿ, ಎರಡು ಸೆಕೆಂಡಲ್ಲಿ ಮತ್ತೆ ಕೆಂಪಾಗ್ಬೇಕು. ಒಳಗಿಂದ ಕೆಟ್ಟ ವಾಸನೆ, ಒದ್ದೆ ಕಲೆ, ದಿನ ಕಳೆದಂಗೆ ಕಮ್ಮಿ ಆಗ್ಬೇಕಾದ ನೋವು ಜಾಸ್ತಿ ಆಗೋದು ಕಂಡ್ರೆ ಹೋಗಿ ಬಿಚ್ಚಿಸಿ ನೋಡಿಸಿ. ಪ್ಲಾಸ್ಟರ್ ಬಿಚ್ಚಿದ್ಮೇಲೆ ಕಾಲು ಸಣ್ಣಗೆ, ಚರ್ಮ ಒರಟಾಗಿ, ಕೂದಲು ಜಾಸ್ತಿ ಕಾಣುತ್ತೆ, ಎರಡು ಮೂರು ವಾರ ಕುಂಟ್ತಾನೆ, ಅದು ಸರಿಹೋಗುತ್ತೆ, ಎಣ್ಣೆ ಹಾಕಿ ಜೋರಾಗಿ ಬಗ್ಗಿಸೋಕೆ ಹೋಗ್ಬೇಡಿ, ಮಕ್ಕಳು ಆಟ ಆಡ್ತಾ ಆಡ್ತಾ ತಾವೇ ಬಗ್ಗಿಸ್ಕೊಳ್ತಾರೆ.

ಜಾಲಿ ಮುಳ್ಳು ಚುಚ್ಚಿತ್ತು, ತೆಗೆದ್ವಿ. ಮೂರು ವಾರ ಆದ್ರೂ ಮೊಣಕಾಲು ಊದ್ಕೊಂಡೇ ಇದೆ

ತುದಿ ಒಳಗೇ ಮುರ್ಕೊಂಡಿರ್ಬೋದು. ಕೀಲಿನ ಹತ್ತಿರ ಚುಚ್ಚಿದ ಜಾಲಿ, ಈಚಲು ಮುಳ್ಳಿನ ಚೂರು ವಾರಗಟ್ಟಲೆ ಕೀಲನ್ನ ಊದಿಸುತ್ತೆ, ಎಕ್ಸ್‌ರೇಲಿ ಮುಳ್ಳು ಕಾಣಲ್ಲ, ಅಲ್ಟ್ರಾಸೌಂಡ್ ಬೇಕು. ಮುಳ್ಳು ಚುಚ್ಚಿದ್ದನ್ನ ಡಾಕ್ಟ್ರಿಗೆ ಹೇಳಿ, ಎಷ್ಟೋ ಜನ ಹಳೇ ಕತೆ ಅಂತ ಹೇಳೋದೇ ಮರೀತಾರೆ. ಟೆಟನಸ್ ಬೂಸ್ಟರ್ 5-6 ವರ್ಷ, 10 ವರ್ಷ, 16 ವರ್ಷಕ್ಕೆ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇದೆ, ಹಾಕ್ಸಿದೀರಾ ನೋಡ್ಕೊಳ್ಳಿ.

## ಕುಂಟೋದು ನಿಲ್ತಿಲ್ಲ ಅಂದ್ರೆ

ಶೀತ ಜ್ವರ ಬಂದು ಹೋಯ್ತು, ಇವತ್ತು ಬೆಳಿಗ್ಗೆ ಎದ್ದವನು ಕುಂಟ್ತಿದಾನೆ. ಪೆಟ್ಟೇನೂ ಬಿದ್ದಿಲ್ಲ

3ರಿಂದ 10 ವರ್ಷದ ಮಕ್ಕಳಲ್ಲಿ ವೈರಲ್ ಜ್ವರದ ಬೆನ್ನಲ್ಲೇ ಸೊಂಟದ ಕೀಲಲ್ಲಿ ನೀರು ತುಂಬಿ ಕುಂಟೋದು ಸಾಮಾನ್ಯ, ವಿಶ್ರಾಂತಿ ಕೊಟ್ಟು ನೋವಿನ ಸಿರಪ್ ಕೊಟ್ರೆ ಒಂದೆರಡು ವಾರಕ್ಕೆ ಹೋಗುತ್ತೆ, ಏನೂ ಉಳಿಯಲ್ಲ. ತೊಂದರೆ ಏನಂದ್ರೆ, ಅದೇ ಕೀಲಲ್ಲಿ ಕೀವು ತುಂಬಿದ್ರೂ ಶುರು ಹೀಗೇ ಇರುತ್ತೆ, ಆದ್ರೆ ಅದರ ಗತಿ ಪೂರ್ತಿ ಬೇರೆ. ಕೀವು ಮೃದ್ವಸ್ಥಿಯನ್ನ ತಿಂದು ಹಾಕುತ್ತೆ, ಆ ಕಾಲು ಜೀವನಪೂರ್ತಿ ಗಿಡ್ಡ ಮತ್ತು ಬಿಗಿ ಆಗುತ್ತೆ. ಅಲ್ಲಿ ದಿನಗಳ ಲೆಕ್ಕ ಇಲ್ಲ, ಗಂಟೆಗಳ ಲೆಕ್ಕ, ಕೀಲು ತೆರೆದು ತೊಳೀಬೇಕು.

ನೀರು ತುಂಬಿದ ಮಗು ಕುಂಟ್ಕೊಂಡಾದ್ರೂ ನಡೆಯುತ್ತೆ, ಜ್ವರ ಇರಲ್ಲ ಅಥವಾ ಸಣ್ಣದಿರುತ್ತೆ, ಊಟ ಆಟ ಮಾಮೂಲು. ಕೀವಿರೋ ಮಗು ಸುಸ್ತಾಗಿ ಬಿದ್ದಿರುತ್ತೆ, ಜ್ವರ 38.5 ಡಿಗ್ರಿ ಸೆಲ್ಸಿಯಸ್, ಅಂದ್ರೆ ನಮ್ಮ ಮನೆ ಥರ್ಮಾಮೀಟರ್‌ನಲ್ಲಿ 101 ದಾಟಿರುತ್ತೆ, ಕಾಲು ನೆಲಕ್ಕೆ ತಾಗಿಸೋಕೆ ಬಿಡಲ್ಲ, ಡೈಪರ್ ಬದಲಿಸೋಕೆ ಕಾಲೆತ್ತಿದ್ರೆ ಕಿರುಚುತ್ತೆ. ಸಣ್ಣ ಕೂಸುಗಳಲ್ಲಿ ಜ್ವರಾನೂ ಇಲ್ದೇ ಬರೀ ಒಂದು ಕಾಲು ಆಡಿಸ್ದೇ ಮಲಗಿರೋದು ಮಾತ್ರ ಕಾಣ್ಬೋದು. ರಕ್ತ ಪರೀಕ್ಷೆ, ಕೀಲಿನ ಅಲ್ಟ್ರಾಸೌಂಡ್ ಮಾಡಿ ಡಾಕ್ಟ್ರು ನಿರ್ಧಾರ ಮಾಡ್ತಾರೆ. ನಾಳೆ ನೋಡೋಣ ಅಂತ ಆ್ಯಂಟಿಬಯೋಟಿಕ್ ಸಿರಪ್ ಮಾತ್ರ ಕೊಟ್ಟು ಕಳಿಸಿದ್ರೆ ಬೇರೆ ಕಡೆ ಹೋಗಿ.

ಫ್ಲೂ ಬಿಡ್ತಾ ಇದೆ, ಈಗ ಎರಡೂ ಮೀನಖಂಡ ನೋವು ಅಂತ ತುದಿಗಾಲಲ್ಲಿ ನಡೀತಾಳೆ

ವೈರಸ್ಸಿಂದ ಮಾಂಸಖಂಡಕ್ಕೆ ಬರೋ ಊತ, ಮೂರರಿಂದ ಏಳು ದಿನದಲ್ಲಿ ತಾನೇ ಹೋಗುತ್ತೆ. ನೀರು ಚೆನ್ನಾಗಿ ಕುಡಿಸಿ. ಮೂತ್ರ ಕೋಲಾ ಬಣ್ಣ ಬಂದ್ರೆ ತಕ್ಷಣ ಆಸ್ಪತ್ರೆ. ನೋವಿಲ್ದೇ ಕಾಲು ಸೋತು ಬಿದ್ರೆ, ಮೆಟ್ಟಿಲು ಹತ್ತೋಕಾಗ್ದೇ ಹೋದ್ರೆ ಅದು ನರದ ವಿಷಯ, ಅವತ್ತೇ ಹೋಗಿ. 15 ವರ್ಷದೊಳಗಿನ ಮಗುವಿನ ಕಾಲು ದಿಢೀರ್ ಸೋತ್ರೆ ಆಸ್ಪತ್ರೆಯವರು ಎರಡು ಸಲ ಮಲ ಪರೀಕ್ಷೆಗೆ ಕಳಿಸ್ತಾರೆ. ಭಾರತದಲ್ಲಿ ಕೊನೇ ಕಾಡು ಪೋಲಿಯೋ (ಲಸಿಕೆಯ ವೈರಸ್ಸಲ್ಲ, ಸಹಜವಾಗಿ ಹರಡೋ ವೈರಸ್ಸಿಂದ ಬರೋ ಪೋಲಿಯೋ) ಕೇಸು 2011ರ ಜನವರಿ, ಅದು ಮತ್ತೆ ಬಂದಿಲ್ಲ ಅಂತ ಹೀಗೇ ಕಾವಲು ಕಾಯ್ತಿರೋದು, ಸಹಕರಿಸಿ.

ಮೊಣಕಾಲು ನೋವು ಅಂತ ಕರ್ಕೊಂಡು ಹೋದ್ರೆ ಸೊಂಟದ ಎಕ್ಸ್‌ರೇ ಬರೆದಿದಾರೆ. ಸುಮ್ನೆ ದುಡ್ಡಿಗಾ?

ಆ ಡಾಕ್ಟ್ರನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಸೊಂಟದ ಕೀಲಿಗೂ ಮೊಣಕಾಲಿಗೂ ಹೋಗೋ ನರ ಒಂದೇ, ಹಾಗಾಗಿ ಸೊಂಟದ ಕೀಲಲ್ಲಿ ಕಾಯಿಲೆ ಇದ್ರೂ ಮಗು ತೋರಿಸೋದು ಮೊಣಕಾಲನ್ನ ಅಥವಾ ತೊಡೆಯನ್ನ. ನನ್ನ ಮಗನಿಗೇ ಹೀಗಾಗಿದೆ. ಏಳು ವರ್ಷ, ಸಂಜೆ ಆದ್ರೆ ಸ್ವಲ್ಪ ಕುಂಟ್ತಿದ್ದ, ಮೊಣಕಾಲು ಅಂತಿದ್ದ. ಎರಡು ಕಡೆ ಮೊಣಕಾಲಿನ ಎಕ್ಸ್‌ರೇ ಆಯ್ತು, ಎರಡೂ ನಾರ್ಮಲ್, ಶೂ ಬದಲಿಸಿ ಅಂದ್ರು, ನಾನೂ ಇದೇ ವಿದ್ಯೆ ಓದಿದವಳು, ಮನೇಲಿ ಅವನ ತೊಡೆಯನ್ನ ಹೊರಕ್ಕೆ ಅಗಲಿಸಿ ಒಂದ್ಸಲ ನೋಡಿದ್ರೆ ಗೊತ್ತಾಗ್ತಿತ್ತು, ನೋಡ್ಲಿಲ್ಲ. ನಾಲ್ಕು ತಿಂಗಳು ಹೋಯ್ತು. ಅದು ಪರ್ಥಿಸ್ ಕಾಯಿಲೆ.

ತೊಡೆ ಮೂಳೆಯ ಗುಂಡು ತಲೆಗೆ ರಕ್ತ ಹೋಗೋದು ನಿಂತು ಅದು ಮೆತ್ತಗಾಗುತ್ತೆ, ಆಮೇಲೆ ಎರಡು ಮೂರು ವರ್ಷದಲ್ಲಿ ಮತ್ತೆ ಕಟ್ಕೊಳ್ಳುತ್ತೆ. ಮೆತ್ತಗಿರೋ ಆ ಸಮಯದಲ್ಲಿ ಗುಂಡು ಚಪ್ಪಟೆ ಆಗ್ದೇ ನೋಡ್ಕೋಬೇಕು, ಚಿಕಿತ್ಸೆ ಅಂದ್ರೆ ಅದೇ. ಹುಡುಗರಲ್ಲಿ ಹುಡುಗಿಯರಿಗಿಂತ ನಾಲ್ಕೈದು ಪಟ್ಟು ಜಾಸ್ತಿ. ಪಶ್ಚಿಮ ದೇಶಗಳಲ್ಲಿ 4ರಿಂದ 8 ವರ್ಷದಲ್ಲಿ ಬರುತ್ತೆ, ನಮ್ಮಲ್ಲಿ ಸ್ವಲ್ಪ ತಡವಾಗಿ ಶುರುವಾಗೋದು. ದಕ್ಷಿಣ ಭಾರತದಲ್ಲಿ ಕರಾವಳಿ ಬಯಲಲ್ಲಿ, ಅದ್ರಲ್ಲೂ ನಮ್ಮ ಉಡುಪಿ ಕಡೆ, ಇದು ಒಳನಾಡಿಗಿಂತ ಹೆಚ್ಚು ಕಂಡಿದೆ, ಮಣಿಪಾಲದ ಡಾಕ್ಟ್ರು ಬೆಂಜಮಿನ್ ಜೋಸೆಫ್ ಮತ್ತವರ ಜೊತೆಯವರು ದಶಕಗಳ ಕಾಲ ಇದನ್ನ ಅಧ್ಯಯನ ಮಾಡಿದಾರೆ. ಕರಾವಳಿಯ ಅಪ್ಪ ಅಮ್ಮಂದಿರು ಹುಡುಗನ ಕುಂಟನ್ನ ಎರಡು ವಾರಕ್ಕಿಂತ ಹೆಚ್ಚು ಕಾಯೋದೇ ಬೇಡ.

10 ವರ್ಷ ದಾಟಿದ, ತೂಕ ಜಾಸ್ತಿ ಇರೋ ಮಕ್ಕಳಲ್ಲಿ ಇನ್ನೊಂದಿದೆ, ತೊಡೆ ಮೂಳೆಯ ಗುಂಡು ಗ್ರೋತ್ ಪ್ಲೇಟಲ್ಲಿ ಜಾರುತ್ತೆ. ಅಲ್ಲೂ ನೋವು ಮೊಣಕಾಲಲ್ಲೇ, ಪಾದ ಹೊರಕ್ಕೆ ತಿರುಗಿರುತ್ತೆ. ಗೊತ್ತಾದ ಕ್ಷಣದಿಂದ ನಡೆಸ್ಬೇಡಿ, ವ್ಹೀಲ್‌ಚೇರಲ್ಲೇ ಕರ್ಕೊಂಡು ಹೋಗಿ, ಇನ್ನೊಂದು ಹೆಜ್ಜೆಗೆ ಪೂರ್ತಿ ಜಾರ್ಬೋದು.

ಬೆಳಿಗ್ಗೆ ಎದ್ದಾಗ ಬಿಗಿಯಾಗಿ ನಡೀತಾಳೆ, ಹತ್ತು ಗಂಟೆಗೆ ಸರಿಹೋಗುತ್ತೆ. ನೋವು ಅಂತ ಹೇಳೋದೇ ಇಲ್ಲ

ಒಂದು ಕೀಲು 6 ವಾರಕ್ಕಿಂತ ಹೆಚ್ಚು ಊದಿದ್ರೆ ಮಕ್ಕಳ ಸಂಧಿವಾತ ಇರ್ಬೋದು, ಮಕ್ಕಳಿಗೂ ಬರುತ್ತೆ. ಸಣ್ಣ ಮಕ್ಕಳು ನೋವು ಅನ್ನಲ್ಲ, ಎತ್ಕೋ ಅಂತಾರೆ. ಕಣ್ಣಿನ ಡಾಕ್ಟ್ರಿಗೂ ತೋರಿಸ್ಲೇಬೇಕು, ಕಣ್ಣು ಕೆಂಪಾಗದೇ, ನೋವಾಗದೇ ಒಳಗೆ ಊತ ಬಂದು ದೃಷ್ಟಿ ಹೋಗೋ ಸಂಭವ ಇದೆ. ಈಗಿನ ಔಷಧಿಗಳಲ್ಲಿ ಈ ಮಕ್ಕಳು ಚೆನ್ನಾಗಿ ಓಡಾಡ್ತಾರೆ.

ಕಬಡ್ಡಿ, ಖೋ ಖೋ ಆಡ್ತಾಳೆ. ಮೊಣಕಾಲ ಕೆಳಗೆ ಗಂಟು, ಮುಟ್ಟಿದ್ರೆ ನೋವು. ಆಟ ಬಿಡಿಸ್ಲಾ?

ಬಿಡಿಸ್ಬೇಡಿ. 10-15 ವರ್ಷದಲ್ಲಿ ತೊಡೆಯ ಸ್ನಾಯು ಮೂಳೆಯನ್ನ ಎಳೆದು ಎಳೆದು ಹೀಗಾಗುತ್ತೆ, ಆಸ್‌ಗುಡ್ ಶ್ಲಾಟರ್ ಅಂತ ಹೆಸರು. ಹಿಮ್ಮಡಿಯಲ್ಲಿ ಬಂದ್ರೆ ಸೀವರ್. ಆಟ ಸ್ವಲ್ಪ ಕಮ್ಮಿ ಮಾಡಿ, ಆಡಿದ್ಮೇಲೆ ಐಸ್, ದಿನಾ ಸ್ಟ್ರೆಚ್. ಮೂಳೆ ಬೆಳೆದು ಮುಗಿದ್ಮೇಲೆ ನೋವು ಹೋಗುತ್ತೆ, ಗಂಟು ಉಳೀಬೋದು.

ಗೂಗಲ್ ಮಾಡಿದ್ರೆ ಕ್ಯಾನ್ಸರ್ ಅಂತ ಬರುತ್ತೆ, ನಿದ್ದೆ ಬರ್ತಿಲ್ಲ

ಕಾಲು ನೋವಿರೋ ಮಕ್ಕಳಲ್ಲಿ ಕ್ಯಾನ್ಸರ್ ಇರೋದು ತುಂಬಾ ಅಪರೂಪ. ನೋವಿನ ಜೊತೆ ಬಿಟ್ಟು ಬಿಟ್ಟು ಜ್ವರ, ಬಿಳಿಚಿದ ಮುಖ, ವಸಡಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಇದ್ರೆ ಒಂದು ಸಾಮಾನ್ಯ ರಕ್ತ ಪರೀಕ್ಷೆಯಿಂದ್ಲೇ ಹುಡುಕಾಟ ಶುರುವಾಗುತ್ತೆ. ಮೊಣಕಾಲ ಹತ್ತಿರ ಗಟ್ಟಿ ಗಡ್ಡೆ, ರಾತ್ರಿ ಹಗಲು ಏರ್ತಾ ಹೋಗೋ ಒಂದೇ ಜಾಗದ ನೋವು ಇದ್ರೆ ಎಕ್ಸ್‌ರೇ. ಇನ್ನೊಂದು ಮಾತು, ಹಾಲು ಬಿಸ್ಕತ್ತು ಬಿಟ್ಟು ಬೇರೇನೂ ತಿನ್ನದ ಮಗು ಕಾಲು ಮುಟ್ಟೋಕೆ ಬಿಡ್ತಿಲ್ಲ, ವಸಡು ಊದಿದೆ ಅಂದ್ರೆ ವಿಟಮಿನ್ ಸಿ ಕೊರತೆ ಇರ್ಬೋದು. ಸ್ಕರ್ವಿ ಹಳೇ ಕಾಲದ ನಾವಿಕರ ಕಾಯಿಲೆ ಅಂತ ನಾವು ಓದಿದ್ದು, ಊಟಕ್ಕೆ ಹಠ ಮಾಡೋ ಮಕ್ಕಳಲ್ಲಿ, ಆಟಿಸಂ ಇರೋ ಮಕ್ಕಳಲ್ಲಿ ಈಗ್ಲೂ ಕಾಣುತ್ತೆ. ಔಷಧಿ ಕೊಟ್ಟ ಕೆಲವೇ ದಿನದಲ್ಲಿ ನೋವು ಇಳಿಯುತ್ತೆ, ಆಮೇಲೆ ನೆಲ್ಲಿಕಾಯಿ, ಪೇರಳೆ ರೂಢಿ ಮಾಡಿಸಿ.

ತೊಡೆ ಮೂಳೆ ಮುರಿದು ಕೂಡಿದೆ, ಈಗ ಆ ಕಾಲು ಒಂದು ಸೆಂಟಿಮೀಟರ್ ಗಿಡ್ಡ ಅಂತಾರೆ. ಹಾಗೇ ಉಳಿಯುತ್ತಾ?

2ರಿಂದ 10 ವರ್ಷದ ಮಕ್ಕಳಲ್ಲಿ ಮುರಿದ ತೊಡೆ ಮೂಳೆಗೆ ರಕ್ತ ಸಂಚಾರ ಜಾಸ್ತಿಯಾಗಿ ಅದು ಇನ್ನೊಂದಕ್ಕಿಂತ ಬೇಗ ಬೆಳೆಯುತ್ತೆ, ಸುಮಾರು 1 ಸೆಂಟಿಮೀಟರ್‌ನಷ್ಟು. ಅದು ಗೊತ್ತಿದ್ದೇ ಸರ್ಜನ್‌ಗಳು ಈ ವಯಸ್ಸಲ್ಲಿ ಮೂಳೆ ತುದಿಗಳನ್ನ ಸ್ವಲ್ಪ ಒಂದರ ಮೇಲೊಂದು ಬರೋ ಹಾಗೆ ಕೂಡಿಸ್ತಾರೆ. ಹಾಗಾಗಿ ಈಗಿನ ಗಿಡ್ಡ ತುಂಬ್ಕೊಳ್ಳೋ ಸಾಧ್ಯತೆ ಹೆಚ್ಚು. 2 ಸೆಂಟಿಮೀಟರ್ ಒಳಗಿನ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಏನೂ ಮಾಡ್ಬೇಕಾಗಲ್ಲ. ಪೆಟ್ಟು ಗ್ರೋತ್ ಪ್ಲೇಟಿಗೇ ಆಗಿದ್ರೆ ಲೆಕ್ಕ ಬೇರೆ, ಅದು ಒಂದು ಕಡೆ ಬೆಳೆಯೋದು ನಿಲ್ಲಿಸಿ ಕಾಲು ಬಾಗ್ಬೋದು, ಕೂಡಿದ್ಮೇಲೂ ಆರು ತಿಂಗಳಿಗೊಮ್ಮೆ ಎಕ್ಸ್‌ರೇ ಮತ್ತು ಅಳತೆ ಬೇಕು, ಕನಿಷ್ಠ ಎರಡು ವರ್ಷ. ನೋವಿಲ್ಲ ಅಂತ ಆ ಅಪಾಯಿಂಟ್‌ಮೆಂಟ್ ತಪ್ಪಿಸೋರೇ ಜಾಸ್ತಿ. ಮನೇಲಿ ನೋಡೋಕೆ, ಮಗೂನ ಬರಿಗಾಲಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ಕೂತು ಸೊಂಟದ ಎರಡು ಬದಿಯ ಮೂಳೆ ಒಂದೇ ಮಟ್ಟದಲ್ಲಿವೆಯಾ ನೋಡಿ, ಫೋನಲ್ಲಿ ಫೋಟೋ ತೆಗೆದು ತಾರೀಕು ಹಾಕಿಡಿ, ಮುಂದಿನ ಸಲ ಡಾಕ್ಟ್ರಿಗೆ ತೋರಿಸಿ.